ಗೇಟಿನ ಹತ್ತಿರ ಮಾತ್ರ ಬರುತ್ತಿದ್ದ ರಬ್ಬರ್ ವಾಸನೆ

ಆಗ ನನಗೆ ಇಪ್ಪತ್ತೇಳು ವರ್ಷ. ಇದು ನಡೆದು ಅರವತ್ತು ವರ್ಷದ ಮೇಲಾಯಿತು. ಯಲಹಂಕದಲ್ಲಿ ದೊಡ್ಡಬಳ್ಳಾಪುರದ ರಸ್ತೆಗೆ ಅಂಟಿಕೊಂಡಂತೆ ತಗಡಿನ ಸೂರಿನ ಒಂದು ಗ್ಯಾರೇಜಿತ್ತು. ಅಲ್ಲಿ ಇಂಜಿನ್ ಸಾಮಾನು ತೊಳೆಯುವ ಕೆಲಸಕ್ಕೆ ಸೇರಿದವಳು, ಮೊಣಕಾಲು ಮಡಿಸಲಾರದ ಹಾಗೆ ಆಗುವವರೆಗೂ ಅದೇ ಕಸುಬಿನಲ್ಲಿದ್ದೆ. ಓದಿದ್ದು ಮೂರನೇ ಕ್ಲಾಸು. ಬರೆದದ್ದರಲ್ಲಿ ತಪ್ಪಿದ್ದರೆ ತಿದ್ದಿಕೊಂಡು ಓದಿ.

ನನ್ನ ತಮ್ಮನ ಮೊಮ್ಮಗಳು ಮೋಟಾರು ಕೆಲಸ ಕಲಿಯಲು ಸೇರಿದ್ದಾಳೆ. ಮೊನ್ನೆ ಬಂದು, "ಅಜ್ಜಿ, ಕಾರಲ್ಲಿ ರಬ್ಬರ್ ಸುಟ್ಟ ವಾಸನೆ ಬಂದ್ರೆ ಮೊದಲು ಏನ್ ನೋಡ್ಬೇಕು?" ಎಂದು ಕೇಳಿದಳು. ಕಾರನ್ನು ಆಮೇಲೆ ನೋಡು, ಮೊದಲು ಅದರಲ್ಲಿ ಬಂದವರನ್ನು ಕೇಳು ಎಂದೆ. ಅದು ಪುಸ್ತಕದಲ್ಲಿಲ್ಲ ಎಂದಳು. ಇಲ್ಲದಿದ್ದರೆ ನಾನು ಬರೆಯುತ್ತೇನೆ ಎಂದು ಕೂತಿದ್ದೇನೆ.

ನನ್ನ ಗಂಡ ಲಾರಿ ಕ್ಲೀನರ್. ಒಂದು ಸಲ ತುಮಕೂರಿಗೆ ಹೋದವನು ಅಲ್ಲೇ ಇನ್ನೊಬ್ಬಳ ಜೊತೆ ಸಂಸಾರ ಹೂಡಿದ. ಆ ಕಥೆ ಇಲ್ಲಿ ಬೇಡ. ಹೊಟ್ಟೆಗೆ ಬೇಕಿತ್ತು, ಗ್ಯಾರೇಜಿಗೆ ಹೋದೆ. ಮೇಸ್ತ್ರಿ ಖಾದರ್ ಸಾಬರು ನನ್ನ ಕೈ ನೋಡಿ, "ಸೀಮೆಎಣ್ಣೇಲಿ ದಿನಾ ಅದ್ದಬೇಕು, ಚರ್ಮ ಕಿತ್ತು ಬರ್ತದೆ, ಆಗ್ತದಾ?" ಎಂದರು. ಆಗುತ್ತದೆ ಎಂದೆ. ಅಷ್ಟೇ ಪರೀಕ್ಷೆ.

ಸಾಬರಿಗೆ ಕಿವಿ ಚೆನ್ನಾಗಿತ್ತು. ಮರದ ಕೋಲಿನ ಒಂದು ತುದಿಯನ್ನು ಇಂಜಿನ್ನಿಗೆ ಇಟ್ಟು ಇನ್ನೊಂದನ್ನು ಕಿವಿಗೆ ಕೊಟ್ಟರೆ ಒಳಗೆ ಯಾವ ಬೇರಿಂಗು ಸವೆದಿದೆ ಎಂದು ಹೇಳಿಬಿಡುತ್ತಿದ್ದರು. ಆದರೆ ಮೂಗು ಸತ್ತಿತ್ತು. ಬೆಳಗಿನಿಂದ ಸಂಜೆಯವರೆಗೆ ನಶ್ಯ. ಎರಡೂ ಹೊಳ್ಳೆಗೆ ಏರಿಸಿ, ಕಣ್ಣಲ್ಲಿ ನೀರು ತಂದುಕೊಂಡು, ಆಮೇಲೇ ಸ್ಪ್ಯಾನರ್ ಹಿಡಿಯುತ್ತಿದ್ದರು. ಪಕ್ಕದಲ್ಲಿ ಬೆಂಕಿ ಬಿದ್ದರೂ ಕಣ್ಣಿಗೆ ಕಂಡಾಗಲೇ ಅವರಿಗೆ ಗೊತ್ತಾಗುತ್ತಿದ್ದದ್ದು.

ಸೇರಿದ ಮೂರನೇ ತಿಂಗಳು, ನಾನು ಮೂಲೆಯಲ್ಲಿ ಕೂತು ಸಾಮಾನು ಉಜ್ಜುತ್ತಿದ್ದೆ. ಸಾಬರು ಒಂದು ಕಾರಿನ ಇಂಜಿನ್ ಓಡಿಸಿ ಕೋಲಿಟ್ಟು ಕೇಳುತ್ತಿದ್ದರು.

"ಸಾಬ್ರೇ, ವೈರು ಸುಡ್ತಾ ಇದೆ."

"ನಿಂಗೆ ಹೆಂಗೆ ಗೊತ್ತು?"

"ಮೂಗಿದೆಯಲ್ಲ."

ಆಗಿನ ಕಾರುಗಳ ವೈರಿಗೆ ರಬ್ಬರ್ ಸುತ್ತಿ ಮೇಲೆ ಬಟ್ಟೆ ಹೆಣೆದಿರುತ್ತಿದ್ದರು. ಸ್ಟೇರಿಂಗಿನ ಕೆಳಗೆ ಕೈ ಹಾಕಿ ಎಳೆದರೆ, ಇಲಿ ಕಡಿದು ಬಿಟ್ಟ ವೈರು ತಗಡಿಗೆ ತಾಗಿ ಕರಗುತ್ತಿತ್ತು. ಅಂದಿನಿಂದ ವಾಸನೆಯ ದೂರು ಬಂದರೆ, "ಗೌರಮ್ಮ, ಬಾ ಇಲ್ಲಿ, ಮೂಸು" ಎಂದು ಕರೆಯುತ್ತಿದ್ದರು. ಬಂದವರು ನಗುತ್ತಿದ್ದರು. "ಸಾಬ್ರು ಹೊಸಾ ಮಿಷನ್ ಮಡಗವ್ರೆ ಕಣ್ರಲಾ, ಕರೆಂಟೇ ಬೇಡ" ಎಂದ ಒಬ್ಬ. ಅವನ ಬ್ರೇಕು ಹಿಡಿದುಕೊಂಡದ್ದನ್ನು ಮೂಸಿ ಹೇಳಿದ ಮೇಲೆ ಸುಮ್ಮನಾದ.

ರಬ್ಬರ್ ಸುಟ್ಟ ವಾಸನೆ ಎಂದು ಜನ ಹೇಳುವುದೆಲ್ಲ ರಬ್ಬರಲ್ಲ. ಬ್ರೇಕು ಹಿಡಿದುಕೊಂಡರೆ ಕಾದ ಕಾವಲಿಯ ಮೇಲೆ ಕೂದಲು ಬಿದ್ದಂತೆ ಇರುತ್ತದೆ. ಕ್ಲಚ್ಚು ಸುಟ್ಟರೆ ಹಳೇ ಕಾಗದ, ಹತ್ತಿಬಟ್ಟೆ ಸುಟ್ಟಂತೆ, ಗಂಟಲು ಕೆರೆಯುತ್ತದೆ. ನಿಜವಾದ ರಬ್ಬರು ನಾಲಿಗೆಯ ಮೇಲೆ ಕೂರುತ್ತದೆ, ಉಗುಳಿದರೂ ಹೋಗುವುದಿಲ್ಲ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಏನು ಮಾಡಿದೆ ಎಂಬುದನ್ನು ಮುಂದೆ ಬರೆಯುತ್ತೇನೆ.

ಮೊದಲು ಸಣ್ಣ ತಪ್ಪುಗಳು. ಹೆಬ್ಬಾಳದಿಂದ ದನದ ಡಾಕ್ಟರೊಬ್ಬರು ಬಂದರು. ಬೆಳಿಗ್ಗೆ ಗಾಡಿ ಎಬ್ಬಿಸಿದ ಕೂಡಲೇ ಕಿರುಚುತ್ತದೆ, ವಾಸನೆ ಬರುತ್ತದೆ. ನೋಡಿದೆ. ಫ್ಯಾನ್ ಬೆಲ್ಟಿನ ಅಂಚು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಸಾಬರು ನಮಾಜಿಗೆ ಹೋಗಿದ್ದರು. ನಾನೇ ಹೊಸ ಬೆಲ್ಟು ಹಾಕಿ ಕಳಿಸಿದೆ, ದೊಡ್ಡ ಕೆಲಸ ಮಾಡಿದ ಹಾಗೆ. ಎಂಟು ದಿನಕ್ಕೆ ಹೊಸ ಬೆಲ್ಟೂ ಸುಟ್ಟು ಬಂತು. ಸಾಬರು ಬೆಲ್ಟು ಬಿಚ್ಚಿ ಡೈನಮೋ ತಿರುಗಿಸಿ ನೋಡಿದರು. ಸಲೀಸಾಗಿ ತಿರುಗಲಿಲ್ಲ, ಒಳಗಿನ ಬೇರಿಂಗು ಕಚ್ಚುತ್ತಿತ್ತು. "ರೊಟ್ಟಿ ಸೀದೋದ್ರೆ ರೊಟ್ಟಿಗೆ ಬೈತೀಯಾ? ಒಲೆ ನೋಡಲ್ವಾ?" ಎಂದು ಡಾಕ್ಟರ ಎದುರೇ ಕೇಳಿದರು. ಡಾಕ್ಟರು, "ಹಸುಗೂ ಹಿಂಗೇ ಕಣಮ್ಮ, ಬಾಯಿಂದ ನೊರೆ ಬಂದ್ರೆ ಬಾಯಿ ಒರೆಸಿ ಕಳಿಸ್ತಾರೆ" ಎಂದರು. ಅಂದಿನಿಂದ ಬೆಲ್ಟು ಮುಟ್ಟುವ ಮೊದಲು ಅದು ಸುತ್ತುವ ಮೂರು ಚಕ್ರವನ್ನೂ ಕೈಯಲ್ಲಿ ತಿರುಗಿಸುತ್ತೇನೆ. ನೀವೂ ತಿರುಗಿಸಿ.

ರಾಜಾನುಕುಂಟೆಯ ಕಡೆಯಿಂದ ಒಬ್ಬರು ಮದುವೆ ಮುಗಿಸಿಕೊಂಡು ನೇರ ಗ್ಯಾರೇಜಿಗೆ ಬಂದರು. ಬಲಕ್ಕೆ ತಿರುಗಿಸಿದಾಗಲೆಲ್ಲ ವಾಸನೆ. ಎಷ್ಟು ಜನ ಕೂತಿದ್ದಿರಿ ಎಂದು ಕೇಳಿದೆ. ಐದೇ ಜನ ಎಂದರು. ಹಿಂದಿನ ಮಡ್ಗಾರ್ಡಿನ ಒಳಗೆ ಕೈ ಹಾಕಿದರೆ ಟೈರು ಉಜ್ಜಿ ಉಜ್ಜಿ ಕಪ್ಪು ಪುಡಿ ಬೆರಳು ದಪ್ಪ ಕೂತಿತ್ತು. ಕೆಳಗೆ ಸ್ಪ್ರಿಂಗ್ ಪಟ್ಟಿ ಮುರಿದು ಗಾಡಿ ಟೈರಿನ ಮೇಲೆ ಇಳಿದಿತ್ತು. ಡಿಕ್ಕಿಯಲ್ಲಿ ಕಡಲೆಬೇಳೆಯ ಕಾಳು ಚೆಲ್ಲಿತ್ತು.

"ಅಡಿಗೆ ಪಾತ್ರೆ ಎಷ್ಟಿತ್ತು?"

"ಯಾವ ಪಾತ್ರೆ?"

"ಐದು ಜನಕ್ಕೆ ಈ ಸ್ಪ್ರಿಂಗ್ ಪಟ್ಟಿ ಮುರಿಯಲ್ಲ ಯಜಮಾನ್ರೇ."

ಅವರ ಹೆಂಡತಿ ಕಿಟಕಿಯಿಂದ ತಲೆ ಹಾಕಿ, "ಹನ್ನೊಂದು ಜನ ಕಣಮ್ಮ, ಮೂರು ಕೊಳದಪ್ಪಲೆ. ಇವರು ಸುಳ್ಳೇಳ್ತಾರೆ" ಎಂದಳು. ಆ ಮಾತು ಮೊದಲೇ ಸಿಕ್ಕಿದ್ದರೆ ಒಂದು ಗಂಟೆ ಉಳಿಯುತ್ತಿತ್ತು. ಮೊದಲು ಬಂದವರನ್ನೆಲ್ಲ ಕೇಳಿ ಎಂದದ್ದು ಇದಕ್ಕೆ.

ಇನ್ನು ಗ್ಯಾರೇಜಿನ ಒಂದು ಪದ್ಧತಿ ಹೇಳಬೇಕು. ನಮ್ಮ ಕಡೆ ಕಾರಿದ್ದವರು ಕಾರಿಗೆ ಏನೇನೋ ಕಟ್ಟುತ್ತಿದ್ದರು. ಮುಂದೆ ಹೂವಿನ ಹಾರ, ನಿಂಬೆಹಣ್ಣು, ಮೆಣಸಿನಕಾಯಿ. ಹಿಂದೆ ದೃಷ್ಟಿಗೆ ಎಂದು ಒಂದು ಹಳೇ ಚಪ್ಪಲಿ. ಸಾಬರು ಇದನ್ನೆಲ್ಲ ಮುಟ್ಟುತ್ತಿರಲಿಲ್ಲ. "ಬೇರೆಯವರ ದೇವರ ಸಾಮಾನು. ನಂದು ಕೈ ತಾಗಿ ನಾಳೆ ಟೈರ್ ಪಂಚರ್ ಆದ್ರೂ ಖಾದರ್ ಮುಟ್ಟಿದ್ದಕ್ಕೆ ಅಂತಾರೆ" ಎನ್ನುತ್ತಿದ್ದರು. ಹಾಗಾಗಿ ಕಾರು ಒಳಗೆ ಬಂದ ಕೂಡಲೇ ಅದನ್ನೆಲ್ಲ ಬಿಚ್ಚಿ ಗೋಡೆಯ ಮೊಳೆಗೆ ನೇತುಹಾಕುವುದು ನನ್ನ ಕೆಲಸ. ರಿಪೇರಿ ಮುಗಿದ ಮೇಲೆ ಎಲ್ಲಿತ್ತೋ ಅಲ್ಲೇ, ಹೇಗಿತ್ತೋ ಹಾಗೇ ಕಟ್ಟುವುದೂ ನನ್ನ ಕೆಲಸ. ಬಿಚ್ಚಿ, ಸೀಮೆಎಣ್ಣೆಯ ಬಕೀಟಿನಲ್ಲಿ ಕೈ ಅದ್ದಿ, ಬೇರೆ ಕೆಲಸ ಹಿಡಿಯುತ್ತಿದ್ದೆ. ದಿನಕ್ಕೆ ನಾಲ್ಕಾರು ಸಲ ಮಾಡುವ ಕೆಲಸವನ್ನು ಯಾರು ನೋಡಿಕೊಂಡು ಮಾಡುತ್ತಾರೆ?

ಬಾಗಲೂರಿನ ಕಡೆಯ ಗೌಡರೊಬ್ಬರು ಒಂದು ಹಳೇ ಕಪ್ಪು ಕಾರು ಕೊಂಡಿದ್ದರು. ಅದನ್ನು ಓಡಿಸುತ್ತಿದ್ದವನು ಮುನಿರಾಜು. ನಲವತ್ತರ ಆಸುಪಾಸು. ಮೊದಲು ಜಟಕಾ ಹೊಡೆಯುತ್ತಿದ್ದವನು ಕಾರು ಕಲಿತು, ಗೌಡರ ಹಟ್ಟಿಯ ಪಕ್ಕದ ಕೋಣೆಯಲ್ಲೇ ಹೆಂಡತಿ ಮಕ್ಕಳ ಜೊತೆ ಇದ್ದ. ಕಾರನ್ನು ಕುದುರೆಯ ಹಾಗೆ ತಟ್ಟಿ ಮಾತಾಡಿಸುತ್ತಿದ್ದ. ನಮಗೆಲ್ಲ ಅದು ತಮಾಷೆ.

ಒಂದು ದಿನ ಬಂದು, "ಗೌರಕ್ಕ, ರಬ್ಬರ್ ಸುಟ್ಟಂಗೆ ವಾಸ್ನೆ. ಗೌಡ್ರು ಬೈತಾ ಅವ್ರೆ" ಎಂದ.

"ಯಾವಾಗ ಬರುತ್ತೆ?"

"ಇಲ್ಲಿ ರೈಲ್ವೆ ಗೇಟು ಆಕಿದ್ರೆ ನಿಲ್ಲುಸ್ತೀವಲ್ಲ, ಆವಾಗ. ಓಡ್ತಾ ಇದ್ರೆ ಏನೂ ಇಲ್ಲ."

ನಿಂತಾಗ ಬರುತ್ತದೆ ಎಂದರೆ ಬ್ರೇಕು ಎಂದೆವು. ನಾಲ್ಕು ಚಕ್ರವನ್ನೂ ಬಿಚ್ಚಿದೆವು, ಏನೂ ಇರಲಿಲ್ಲ. ಸಾಬರು ರಾಜಾನುಕುಂಟೆಯವರೆಗೆ ಓಡಿಸಿದರು, ನಾನು ಹಿಂದಿನ ಸೀಟಿನಲ್ಲಿ ಮೂಗು ಬಿಟ್ಟುಕೊಂಡು ಕೂತೆ. ಅಲ್ಲಿ ನಿಂತು, ಇಲ್ಲಿ ನಿಂತು, ಗೇಟಿನ ಹತ್ತಿರವೂ ನಿಂತು ಬಂದೆವು. ಏನೂ ಇಲ್ಲ. ಕಟ್ಟುವುದನ್ನು ಕಟ್ಟಿ ಕಳಿಸಿದೆ. ನಾಲ್ಕು ದಿನಕ್ಕೆ ವಾಪಸು ಬಂತು. ಈ ಸಲ ಬೆಲ್ಟು, ರೇಡಿಯೇಟರಿನ ರಬ್ಬರ್ ಪೈಪು, ಕಾಲಡಿಯ ಮ್ಯಾಟು, ಎಲ್ಲ ನೋಡಿದೆವು. ಓಡಿಸಿ ನೋಡಿದರೆ ವಾಸನೆ ಇಲ್ಲ. ಕಟ್ಟಿ ಕಳಿಸಿದೆ.

ಮೂರನೇ ಸಲ ಗೌಡರೇ ಬಂದರು, ಜೊತೆಗೆ ಅವರ ತಂಗಿಯ ಮಗ. ಮುನಿರಾಜು ಕಾರಿನ ಪಕ್ಕ ಕೈ ಕಟ್ಟಿ ನಿಂತಿದ್ದ.

"ಏನಮ್ಮಾ, ನಿನ್ ಮೂಗ್ ಅಂಗೆ ಇಂಗೆ ಅಂತಾರೆ. ಮೂರ್ ಸಲ ಬಂದ್ವಿ. ನೆಗಡಿ ಏನಾದ್ರೂ ಆಗದಾ?" ಎಂದರು ಗೌಡರು.

ತಂಗಿಯ ಮಗ ನಕ್ಕ. ಸಾಬರು ನನ್ನ ಮುಖ ನೋಡಿದರು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಮೂಗಿನವಳು ಎಂದು ಹೆಸರಾಗಿತ್ತಲ್ಲ. ಹಾಗೆನ್ನಲು ಬಾಯಿ ಬರಲಿಲ್ಲ.

"ಮುನಿರಾಜು, ಗೇಟಲ್ಲಿ ನಿಂತಾಗ ಎಡಗಾಲು ಎಲ್ಲಿಟ್ಟಿರ್ತೀಯ?"

"ಕೆಳಗೆ ಮಡಗಿರ್ತೀನಿ ಅಕ್ಕ. ಗೇರ್ ತೆಗ್ದು."

"ಕ್ಲಚ್ ಮೇಲೇ ಇಟ್ಟಿರ್ತೀಯ. ಅರ್ಧ ತುಳಿದುಕೊಂಡು ನಿಂತಿರ್ತೀಯ. ಅದೇ ಸುಡೋದು" ಎಂದೆ.

ಗೌಡರಿಗೆ ಅಷ್ಟು ಸಾಕಾಯಿತು. ಬೀಗದ ಕೈ ಕೊಡು ಎಂದರು. ಕೊಟ್ಟ. ಭಾನುವಾರದೊಳಗೆ ಕೋಣೆ ಖಾಲಿ ಮಾಡು ಎಂದರು. ತಂಗಿಯ ಮಗ ಸ್ಟೇರಿಂಗಿನ ಹಿಂದೆ ಕೂತ. ನಾನು ಮೊಳೆಯಿಂದ ಹಾರ, ನಿಂಬೆಹಣ್ಣು, ಚಪ್ಪಲಿ ಎಲ್ಲ ತಂದು ಕಟ್ಟಿದೆ. ಕಾರು ಹೋಯಿತು. ಮುನಿರಾಜು ನಡೆದುಕೊಂಡು ಹೋಗಬೇಕಿತ್ತು. ಹೋಗುವ ಮೊದಲು ನನ್ನ ಹತ್ತಿರ ಬಂದು, "ಅಕ್ಕ, ಕ್ಲಚ್ ಬಿಚ್ಚಿ ನೋಡಿದ್ಯಾ?" ಎಂದು ಕೇಳಿದ.

ನೋಡಿರಲಿಲ್ಲ. ಗೇರ್ ಬಾಕ್ಸು ಇಳಿಸದೆ ಕ್ಲಚ್ಚು ಕಾಣುವುದಿಲ್ಲ, ಅದು ಒಂದೂವರೆ ದಿನದ ಕೆಲಸ. ಕ್ಲಚ್ಚಿನ ವಾಸನೆಯೇ ಬೇರೆ ಎಂದು ನನಗೆ ಗೊತ್ತಿತ್ತು. ಸೀಮೆಎಣ್ಣೆಯ ಬಕೀಟಿನ ಮುಂದೆ ಕೂತು ತೊಳೆಯಲು ಶುರುಮಾಡಿದೆ. ಅವನು ಹೋದ.

ಹದಿನೈದು ದಿನ ಕಳೆಯಿತು. ಗೇಟಿನ ಪಕ್ಕದ ಟೀ ಅಂಗಡಿಯಲ್ಲಿ ಡ್ರೈವರುಗಳೆಲ್ಲ ಸೇರುತ್ತಿದ್ದರು. ಸಾಬರು ಅಲ್ಲಿಂದ ಸುದ್ದಿ ತಂದರು. ಮುನಿರಾಜು ಯಲಹಂಕದಲ್ಲೇ ಅತ್ತೆಯ ಮನೆ ಸೇರಿದ್ದಾನೆ. ಅವನಿಗೆ ಅಲ್ಲಿ ಕ್ಲಚ್ ಮುನಿರಾಜು ಎಂದು ಹೆಸರಿಟ್ಟಿದ್ದಾರೆ. ಕಲ್ಲು ಹೊಡೆಸುವ ಲಾರಿ ರಂಗಪ್ಪನಿಗೆ ಡ್ರೈವರು ಬೇಕಾಗಿದ್ದಾನೆ, ಇವನು ಹೋಗಿ ಕೇಳಿದರೆ, "ಗೌರಮ್ಮನೇ ಹೇಳವ್ಳೆ, ನಿನ್ ಕೈಗೆ ಲಾರಿ ಕೊಟ್ರೆ ಬೂದಿ ಮಾಡ್ತೀಯ" ಎಂದು ಕಳಿಸಿದನಂತೆ. ಸಾಬರು ಹೇಳಿ ಮುಗಿಸಿ ನಶ್ಯದ ಡಬ್ಬಿ ತೆಗೆದರು.

ಮಾರನೇ ವಾರ ಅದೇ ಕಪ್ಪು ಕಾರು ಬಂತು. ಓಡಿಸಿಕೊಂಡು ಬಂದವನು ತಂಗಿಯ ಮಗ. "ಅದೇ ವಾಸ್ನೆ. ಅಲ್ಲೇ, ಗೇಟ್ ಹತ್ರ" ಎಂದ. ಸಾಯಂಕಾಲ ಮಾವ ಬರುತ್ತಾರೆ ಎಂದು ಹೇಳಿ ಬೀಗದ ಕೈ ಬಿಸಾಕಿ ಹೋದ.

ಹಾರ ಬಿಚ್ಚಿದೆ, ನಿಂಬೆಹಣ್ಣು ಬಿಚ್ಚಿದೆ, ಹಿಂದೆ ಹೋಗಿ ಚಪ್ಪಲಿ ಬಿಚ್ಚಿ ಮೊಳೆಗೆ ಹಾಕಿದೆ. ಅವತ್ತು ಸೀಮೆಎಣ್ಣೆ ಮುಗಿದಿತ್ತು, ಸಾಬರು ತರಲು ಹೋಗಿದ್ದರು. ಬರೀ ನೀರಲ್ಲಿ ಕೈ ತೊಳೆದು ಊಟಕ್ಕೆ ಕೂತೆ. ಮುದ್ದೆ ಮುರಿದು ಬಾಯಿಯ ಹತ್ತಿರ ತಂದೆ. ಕೈಯಲ್ಲಿ ಸುಟ್ಟ ರಬ್ಬರಿನ ವಾಸನೆ. ನಾಲಿಗೆಯ ಮೇಲೆ ಬಂದು ಕೂತಿತು.

ಮುದ್ದೆ ಅಲ್ಲೇ ಇಟ್ಟು ಮೊಳೆಯ ಹತ್ತಿರ ಹೋದೆ. ಚಪ್ಪಲಿ ಕೈಯಲ್ಲಿ ಹಿಡಿದು ಬೆಳಕಿಗೆ ತಂದೆ. ಮೊದಲೆಲ್ಲ ದೃಷ್ಟಿಗೆ ಚರ್ಮದ ಚಪ್ಪಲಿ ಕಟ್ಟುತ್ತಿದ್ದರು. ರಬ್ಬರ್ ಚಪ್ಪಲಿ ನಮ್ಮ ಕಡೆ ಆಗಷ್ಟೇ ಬಂದಿತ್ತು. ಇದು ಅಂಥದ್ದು. ಹಿಮ್ಮಡಿಯ ಕಡೆ ಕರಗಿ, ಕಪ್ಪಗೆ ಮಿರುಗುತ್ತಿತ್ತು. ತುಳಿದು ಸವೆದದ್ದು ಎಂದುಕೊಂಡು ಬಿಚ್ಚಿದ್ದೆ, ಹಾಗೇ ಕಟ್ಟಿದ್ದೆ. ಮತ್ತೆ ಬಂಪರಿಗೆ ಅದೇ ಗಂಟಿನಲ್ಲಿ ಕಟ್ಟಿ ನೋಡಿದೆ. ಹಿಮ್ಮಡಿ ನೇರ ಹೋಗಿ ಸೈಲೆನ್ಸರ್ ಪೈಪಿಗೆ ಒರಗಿ ಕೂತಿತು.

ಸಾಬರು ಬಂದರು. ಇಂಜಿನ್ ಎಬ್ಬಿಸಿ ಎಂದೆ. ಎಬ್ಬಿಸಿದರು. ನಾನು ಹಿಂದಿನ ಸೀಟಿನಲ್ಲಿ ಕಿಟಕಿ ಇಳಿಸಿ ಕೂತೆ. ಕಾಲು ಗಂಟೆ ಆಯಿತು. ಪೈಪು ಕಾದಿತು. ವಾಸನೆ ಮೆಲ್ಲಗೆ ಹಿಂದಿನಿಂದ ಕಿಟಕಿಗೆ ಬಂತು. ಕಾರು ಓಡುವಾಗ ಚಪ್ಪಲಿ ತೂಗಾಡುತ್ತದೆ, ಪೈಪಿಗೆ ಒಂದು ಕಡೆ ನಿಲ್ಲುವುದಿಲ್ಲ. ಹುಟ್ಟಿದ ವಾಸನೆಯನ್ನೂ ಗಾಳಿ ಹಿಂದಕ್ಕೆ ಎಳೆದುಕೊಂಡು ಹೋಗುತ್ತದೆ. ಬಾಗಲೂರಿನಿಂದ ಬರುವಷ್ಟರಲ್ಲಿ ಪೈಪು ಕಾದು ಕೆಂಡವಾಗಿರುತ್ತದೆ, ಗೇಟಿನಲ್ಲಿ ನಿಂತರೆ ಚಪ್ಪಲಿಯೂ ನಿಲ್ಲುತ್ತದೆ. ನಾವು ಪರೀಕ್ಷೆಗೆ ಓಡಿಸಿದಾಗಲೆಲ್ಲ ಚಪ್ಪಲಿ ನಮ್ಮ ಮೊಳೆಯ ಮೇಲಿತ್ತು. ಕಾಯಿಲೆಯನ್ನು ಬಿಚ್ಚಿಟ್ಟು ಕಾರನ್ನು ನೋಡಿದ್ದೆ. ನೋಡಿ ಮುಗಿದ ಮೇಲೆ ಕಾಯಿಲೆಯನ್ನು ಕಟ್ಟಿ ಕಳಿಸಿದ್ದೆ. ಮೂರು ಸಲ.

ಸಾಬರು ಬಗ್ಗಿ ನೋಡಿ, ಎದ್ದು ಗೋಡೆಗೆ ಒರಗಿದರು. "ಯಾ ಅಲ್ಲಾ" ಎಂದರು. ನನ್ನ ಕಡೆ ತಿರುಗಿ, "ಗೌರಮ್ಮ, ಕಳೆದೋಯ್ತು ಅಂತ ಹೇಳು. ಚಪ್ಪಲಿ ಬಿಸಾಕು. ವಾಸನೆ ನಿಲ್ತದೆ, ಮಾತೂ ನಿಲ್ತದೆ" ಎಂದರು.

ಗೌಡರು ಸಾಯಂಕಾಲ ಬಂದಾಗ ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಪೈಪನ್ನೂ ಚಪ್ಪಲಿಯನ್ನೂ ತೋರಿಸಿದೆ. ಅವರ ಮುಖ ಕೆಂಪಾಯಿತು.

"ಅದು ನಮ್ಮವ್ವ ಕಟ್ಟಿರಾದು. ಅಮಾಸೆಗೊಂದ್ಸಲ ಅವಳೇ ಬದಲಾಯ್ಸಾದು. ಬಾಯ್ಬುಟ್ಟೀಯ, ಹುಷಾರು."

"ಬೇರೆ ಕಡೆ ಕಟ್ಟಿದ್ರೆ ಆಯ್ತು ಗೌಡ್ರೇ. ಮುನಿರಾಜು ವಿಷಯ?"

"ಕಳ್ಸಾಯ್ತಲ್ಲ. ಈಗ ಹುಡುಗ ಓಡುಸ್ತಾ ಅವ್ನೆ. ವಾಪಸ್ ಕರುದ್ರೆ ನಂದು ತಪ್ಪು ಅಂತ ನಾನೇ ಸಾರ್ದಂಗೆ ಆಗಲ್ವಾ?"

"ತಪ್ಪು ನಂದು ಅಂತ ಸಾರಿ."

"ನಿನ್ ತಪ್ಪು ಯಾವನಿಗೆ ಬೇಕು?" ಎಂದು ಕಾರು ಹತ್ತಿದರು. ಚಪ್ಪಲಿಯನ್ನು ಒದ್ದು ಚರಂಡಿಯ ಕಡೆ ತಳ್ಳಿ ಹೋದರು.

ನಾನು ಅದನ್ನು ಎತ್ತಿಕೊಂಡೆ. ಸಾಬರಿಗೆ ಅರ್ಥವಾಯಿತು. "ಗೌರಮ್ಮ, ಗ್ಯಾರೇಜಿಂದು ಹೆಸರು ಹೋಗ್ತದೆ. ನಾಳೆಯಿಂದ ಒಬ್ಬನೂ ನಿನ್ನ ಮೂಸು ಅನ್ನಲ್ಲ."

"ಅನ್ನದೇ ಇದ್ರೆ ಸಾಮಾನು ತೊಳೀತೀನಿ ಸಾಬ್ರೇ. ಸೇರಿದ್ದು ಅದಕ್ಕೇ."

ಸಾಬರು ತಲೆಯಾಡಿಸಿದರು. ಹೌದೆಂದೋ ಬೇಡವೆಂದೋ ತಿಳಿಯಲಿಲ್ಲ.

ಮಾರನೇ ದಿನ ಬೆಳಿಗ್ಗೆ ಗ್ಯಾರೇಜಿಗೆ ಹೋಗಲಿಲ್ಲ. ಗೇಟಿನ ಪಕ್ಕದ ಟೀ ಅಂಗಡಿಗೆ ಹೋದೆ. ಆಗ ಹೆಂಗಸರು ಅಲ್ಲಿ ನಿಲ್ಲುತ್ತಿರಲಿಲ್ಲ. ಬೆಂಚಿನ ಮೇಲೆ ಏಳೆಂಟು ಡ್ರೈವರುಗಳಿದ್ದರು. ಮುನಿರಾಜು ಒಂದು ಕಡೆ ಕುಕ್ಕುರುಗಾಲಲ್ಲಿ ಕೂತಿದ್ದ. ಲಾರಿ ರಂಗಪ್ಪ ಬನ್ನು ಅದ್ದಿಕೊಂಡು ತಿನ್ನುತ್ತಿದ್ದ.

"ಏನ್ ಗೌರಮ್ಮ, ನಮ್ ಟೀ ಮೂಸಕ್ ಬಂದ್ಯಾ?" ಎಂದ ಒಬ್ಬ.

ಚಪ್ಪಲಿಯನ್ನು ಬೆಂಚಿನ ಮೇಲೆ ಇಟ್ಟೆ. "ಇದನ್ನ ಮೂಸಿ. ಗೌಡ್ರ ಕಾರಲ್ಲಿ ಸುಡ್ತಾ ಇದ್ದಿದ್ದು ಇದು. ಕ್ಲಚ್ ಅಲ್ಲ. ಪ್ರತಿ ಸಲ ಬಿಚ್ಚಿದವಳೂ ನಾನೇ, ಸೈಲೆನ್ಸರಿಗೆ ತಾಗೋ ಹಂಗೆ ವಾಪಸ್ ಕಟ್ಟಿದವಳೂ ನಾನೇ. ಕ್ಲಚ್ ಬಿಚ್ಚಿ ನೋಡದೆ ಬಾಯಿಗೆ ಬಂದಿದ್ದು ಹೇಳಿದೆ. ಮುನಿರಾಜು ಏನೂ ಸುಟ್ಟಿಲ್ಲ."

ಒಬ್ಬ ಕಿಸಕ್ಕೆಂದ. ಆಮೇಲೆ ಎಲ್ಲರೂ ನಕ್ಕರು. "ಮೂಗಿನಮ್ಮನ ಮೂಗಿಗೆ ಚಪ್ಪಲಿ ಏಟು" ಎಂದರು. ನಗಲಿ ಎಂದು ನಿಂತೆ. ರಂಗಪ್ಪ ನಗಲಿಲ್ಲ. ಚಪ್ಪಲಿ ಎತ್ತಿ ಮೂಸಿದ, ಕರಗಿದ ಕಡೆ ಉಗುರಿನಲ್ಲಿ ಕೆರೆದ.

"ಗೌಡ್ರು ಏನಂದ್ರು?"

"ಬಾಯಿಬಿಡಬೇಡ ಅಂದ್ರು."

"ಬುಟ್ಟಲ್ಲ."

"ಬಿಟ್ಟೆ."

ರಂಗಪ್ಪ ಬನ್ನು ಮುಗಿಸಿ ಕೈ ಒರೆಸಿಕೊಂಡ. ಮುನಿರಾಜುವಿನ ಕಡೆ ತಿರುಗದೆ, "ಎದ್ದೇಳಯ್ಯ, ಒಂದ್ ಲೋಡ್ ಹೊಡ್ಕಂಡ್ ಬಾ, ನೋಡಾನ" ಎಂದ. ಮುನಿರಾಜು ಎದ್ದ. ನನ್ನನ್ನು ದಾಟಿಕೊಂಡೇ ಹೋದ, ನೋಡಲಿಲ್ಲ. ನೋಡಬೇಕೆಂದು ನಾನೂ ಬಂದಿರಲಿಲ್ಲ.

ಆ ಲಾರಿಗೆ ಎಡಗಡೆಯ ಬಾಗಿಲೇ ಇರಲಿಲ್ಲ. ರಸ್ತೆಯ ಪಕ್ಕ ನಿಂತಿದ್ದ ನನಗೆ ಒಳಗೆ ಚೆನ್ನಾಗಿ ಕಾಣುತ್ತಿತ್ತು. ಗೇರ್ ಹಾಕಿದ, ಕ್ಲಚ್ ಬಿಟ್ಟ, ಲಾರಿ ಅಲುಗದ ಹಾಗೆ ಹೊರಟಿತು. ಬಿಟ್ಟ ಕೂಡಲೇ ಅವನ ಎಡಗಾಲು ಪೆಡಲ್ ಬಿಟ್ಟು ಪಕ್ಕದ ಹಲಗೆಯ ಮೇಲೆ ಹೋಗಿ ಕೂತಿತು. ಮುಂದೆ ಗೇಟು ಹಾಕಿದ್ದರು. ಅಲ್ಲಿ ನಿಂತು ರೈಲು ಹೋಗುವವರೆಗೂ ಆ ಕಾಲು ಹಲಗೆಯ ಮೇಲೇ ಇತ್ತು. ಗೇಟು ತೆಗೆಯುವವರೆಗೂ ನಾನು ನಿಂತು ನೋಡಿದೆ.